ಸಪ್ತಮಿಯ ಎಲೆಗೆ ಬಾರದ ಸುವರ್ಣಗಡ್ಡೆ

ಸೂರ್ಯನಾರಾಯಣರ ತಾಯಿ ಮೈಸೂರಿನಲ್ಲಿ ತೀರಿಕೊಂಡದ್ದು ೧೯೬೭ನೆಯ ಇಸವಿ ನವೆಂಬರ್ ೮, ಬುಧವಾರ, ಕಾರ್ತಿಕ ಶುದ್ಧ ಸಪ್ತಮಿಯಂದು. ತಂತಿಯು ಕಡಲಾಚೆ ಮಗನಿದ್ದ ಕ್ವೀನ್ಸಿನ ಬೆಲ್‌ರೋಸಿಗೆ ಬಂದು ಮುಟ್ಟುವಷ್ಟರಲ್ಲಿ ದಹನವೂ ಮುಗಿದಿತ್ತು. ಆಕೆಗೆ ಸುವರ್ಣಗಡ್ಡೆಯೆಂದರೆ ಪ್ರಾಣ. ತಾವೇ ಬೆಳೆದ ಗಡ್ಡೆಯನ್ನು ಒಂದು ವರ್ಷವಾದರೂ ಆಕೆಯ ಶ್ರಾದ್ಧದ ಎಲೆಗೆ ಬಡಿಸಬೇಕೆಂದು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಈ ಒಂಟಿ ಮನುಷ್ಯ ನಿಶ್ಚಯಿಸಿಕೊಂಡರು.

೧೯೬೮ರ ಮೇ ೨೬ರಂದು, ಊರಿನಿಂದ ಬಂದವರೊಬ್ಬರು ಸೀರೆಯ ಮಡಿಕೆಯಲ್ಲಿ ತಂದುಕೊಟ್ಟ ನಿಂಬೆಗಾತ್ರದ ಮರಿಗಡ್ಡೆಯನ್ನು ಬಾಡಿಗೆಮನೆಯ ಹಿತ್ತಲಿನಲ್ಲಿ, ಮೊಳಕೆಯ ಕಣ್ಣು ಮೇಲಾಗುವಂತೆ ನೆಟ್ಟರು. ಅದಕ್ಕೆ ವರ್ಷಕ್ಕೆ ಒಂದೇ ಎಲೆ, ಬಿಚ್ಚಿದ ಕೊಡೆಯಂತೆ. ಆ ಎಲೆ ಹಳದಿಯಾದೊಡನೆ, ಇಬ್ಬನಿ ಹೆಪ್ಪುಗಟ್ಟುವ ಫ್ರಾಸ್ಟ್ ಬೀಳುವ ಮುನ್ನವೇ ಅಗೆದು, ಮಣ್ಣೊರಸಿ, ಬೇಸ್‌ಮೆಂಟಿನ ಬಾಯ್ಲರ್ ಬಳಿ ಒಣಮರಳಿನಲ್ಲಿಟ್ಟು, ಮರುವರ್ಷ ಅದನ್ನೇ ನೆಡಬೇಕು. ಹಳೆಯದು ಕರಗಿ ಅದರ ಮೇಲೆ ಹೊಸದು ಇನ್ನಷ್ಟು ದಪ್ಪವಾಗುತ್ತದೆ. ಹೀಗೆ ಐದು ಬೇಸಿಗೆ ಕಳೆದವು. ೧೯೭೨ರ ಅಕ್ಟೋಬರ್ ೧೪ರಂದು ಅಗೆದದ್ದು ನಾಲ್ಕೂವರೆ ಪೌಂಡು ತೂಗಿತು.

ಶ್ರಾದ್ಧ ಮಾಡಿಸುತ್ತಿದ್ದವರು ಮ್ಯಾನ್‌ಹಟನ್ನಿನ ಬ್ಯಾಂಕೊಂದರ ಗುಮಾಸ್ತ ಶಿವರಾಮ್. ಸುತ್ತಿನಲ್ಲಿ ಮಂತ್ರ ಬಲ್ಲವರು ಅವರೊಬ್ಬರೇ ಆದುದರಿಂದ, ಮಂತ್ರ ಹೇಳುವವರೂ ಅವರೇ, ಎಲೆಯ ಮುಂದೆ ಕೂರುವವರೂ ಅವರೇ. ಆ ವರ್ಷ ಸಪ್ತಮಿ ಬಿದ್ದದ್ದು ನವೆಂಬರ್ ೧೨, ಭಾನುವಾರ; ಬೆಳಿಗ್ಗೆ ಹತ್ತಕ್ಕೆ ಬಂದರು.

ಸೂರ್ಯನಾರಾಯಣರು ಮಡಿಯುಟ್ಟು ಗಡ್ಡೆ ಹೆಚ್ಚಲು ಕುಳಿತಿದ್ದಾಗ, ಟ್ಯುಲಿಪ್ ಬೆಳೆಯುವ ಮುದುಕ, ಮನೆಯ ಮಾಲೀಕ ವಿನ್ಸೆಂಟ್ ಬಾಗಿಲಲ್ಲಿ ಇಣುಕಿ ಹಿಗ್ಗಿದ.

"ನನ್ನ ಪುಡಿಯ ಮಹಿಮೆ! ಪ್ರತಿ ವರ್ಷ ನನ್ನ ಟ್ಯುಲಿಪ್ ಜೊತೆ ನಿನ್ನ ಗುಂಡಿಗೂ ಒಂದೊಂದು ಹಿಡಿ ಬೋನ್ ಮೀಲ್ ಹಾಕಿದ್ದೇನೆ."

ಅವನು ಅತ್ತ ಹೋದ ಮೇಲೆ ಶಿವರಾಮ್ ಕೇಳಿದರು: "ದನದ ಮೂಳೆಪುಡಿ ಅದು. ಗೊತ್ತಿರ್ಲಿಲ್ವೆ?"

"ಬಿಳಿಪುಡಿ ಹಾಕ್ತಿದ್ದದ್ದು ನೋಡಿದ್ದೆ. ಸುಣ್ಣ ಅಂದ್ಕೊಂಡೆ."

"ಐದು ವರ್ಷ ಮೂಳೆ ತಿನ್ನಿಸಿ ಸಾಕಿದ್ದೀರಿ, ಸ್ವಾಮಿ! ಸಾಯೋವಾಗಂತೂ ಅಮ್ಮನ ಹತ್ರ ಇರ್ಲಿಲ್ಲ. ಸತ್ತಮೇಲಾದ್ರೂ ಅವರ ಜಾತಿ ಕೆಡಿಸಬೇಡಿ."

"ಹಾಗಾದ್ರೆ ಅಂಗಡಿ ಅಕ್ಕಿಗೆ ಯಾವ ಗೊಬ್ಬರ ಹಾಕಿರ್ತಾರೆ?"

"ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ದೋಷವಿಲ್ಲ. ಇದು ಗೊತ್ತಾಗಿಹೋಯ್ತಲ್ಲ."

"ಒಂದೇ ಒಂದು ಹೋಳು, ಶಿವರಾಮ್. ನೀವು ಮುಟ್ಟಬೇಡಿ. ಎಲೆಯ ಅಂಚಿಗೆ ಇಡ್ತೀನಿ, ಅಷ್ಟೆ."

"ಇಟ್ರೆ ನಾನು ಎದ್ದೆ. ಆಮೇಲೆ ಯಾರನ್ನ ಕೂರಿಸ್ತೀರಿ? ವಿನ್ಸೆಂಟನ್ನ?"

ಸೂರ್ಯನಾರಾಯಣರು ಗಡ್ಡೆಯನ್ನು ತಾವೇ ಎತ್ತಿಕೊಂಡು ಹೋಗಿ ಬೀದಿಯ ಕಸದ ಡಬ್ಬಿಗೆ ಹಾಕಿ ಬಂದರು. ಅದನ್ನು ಮುಟ್ಟಿದ್ದಕ್ಕೆ ಅವರಿಗೆ ಶಿವರಾಮ್ ತಣ್ಣೀರಿನಲ್ಲಿ ಎರಡನೆಯ ಸ್ನಾನ ಮಾಡಿಸಿದರು. ಬಾಳೆಕಾಯಿ ಪಲ್ಯದಲ್ಲೇ ಅಡಿಗೆ ಮುಗಿಯಿತು. ಶಿವರಾಮ್ ಅನ್ನವನ್ನು ಮೂರು ಸಲ ಹಾಕಿಸಿಕೊಂಡರು.

ಊಟದ ಕಡೆಯಲ್ಲಿ, ಉಂಡವರನ್ನು ತೃಪ್ತಿಯಾಯಿತೇ ಎಂದು ಕರ್ತನು ಕೇಳಬೇಕು. ಅವರ ಬಾಯಿಂದ ಬರುವುದೇ ತೀರಿಕೊಂಡವರ ಉತ್ತರವೆಂದು ಶಾಸ್ತ್ರ. ಸೂರ್ಯನಾರಾಯಣರು ಕೈಮುಗಿದು ನಿಂತು, ಎಲೆಯ ಖಾಲಿ ಅಂಚನ್ನೇ ನೋಡುತ್ತಿದ್ದರು.

"ಕೇಳ್ರೀ, ಟ್ರೇನಿಗೆ ಹೊತ್ತಾಯ್ತು."

"ತೃಪ್ತಿಯಾಯಿತೇ?"

ಶಿವರಾಮ್ ಅಂಗೈಯ ಮಜ್ಜಿಗೆಯನ್ನು ಹೀರಿಕೊಂಡರು.

"ಪರಿಪೂರ್ಣ ತೃಪ್ತಿಯಾಯಿತು," ಎಂದರು.