ದ್ರಾಕ್ಷಿಯೊಳಗೆ ಸಿಕ್ಕ ಕಬ್ಬು

ವೈನ್ ಕುಡಿಯದೆ ವೈನಿನ ಜಾತಕ ಹೇಳುವುದು ನನ್ನ ಕೆಲಸ. ಪುಣೆ ಹತ್ತಿರದ ತಳೇಗಾಂವದ ಒಂದು ಲ್ಯಾಬಿನಲ್ಲಿ ಹನ್ನೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಕಬ್ಬಿನ ಸಕ್ಕರೆಯ ಇಂಗಾಲವೇ ಬೇರೆ, ದ್ರಾಕ್ಷಿಯದೇ ಬೇರೆ. ಸಕ್ಕರೆ ಸುರಿದು ಹುಳಿಸಿದ ಕಳ್ಳ ಮಾಲು ಎಂಥ ಚಂದದ ಲೇಬಲ್ ಹಚ್ಚಿಕೊಂಡು ಬಂದರೂ ನಮ್ಮ ಯಂತ್ರದ ಮುಂದೆ ಸಿಕ್ಕಿಬೀಳುತ್ತದೆ. ಅದರ ಜಂಬ ನನಗೆ ತುಸು ಜಾಸ್ತಿಯೇ ಇತ್ತು.

ಕಳೆದ ವರ್ಷ ಶಿರೂರಿನ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ತಮ್ಮ ಮೊಟ್ಟಮೊದಲ ವೈನಿನ ಪರೀಕ್ಷೆಗೆ ಬಂದರು. ಮೂಲ ವಿಜಯಪುರದ ಕಡೆಯವರು. ನಮ್ಮ ವರದಿ ಚೊಕ್ಕಟ ಬಂದರೆ ಮಾತ್ರ ಪುಣೆಯ ಅಂಗಡಿಯವರು ಅವರ ತೋಟದ ಹೆಸರಿನ ಬಾಟ್ಲಿ ಇಟ್ಟುಕೊಳ್ಳುವವರಿದ್ದರು. ಮಾದರಿ ತುಂಬಲು ಲ್ಯಾಬಿನ ಬಾಟ್ಲಿಯೇ ಬೇಕು. ಅವರು ಪುಣೆಗೆ ಬಂದದ್ದು ಭಾನುವಾರ, ಲ್ಯಾಬಿಗೆ ರಜೆ. ಹಾಗಾಗಿ ವಾಕಡದ ನಮ್ಮ ಮನೆಗೇ ಬಂದು, ನಾನು ಲ್ಯಾಬಿನಿಂದ ತಂದಿಟ್ಟಿದ್ದ ಮೂರನ್ನು ಒಯ್ದರು. ನಾನು ತರಕಾರಿ ತರಲು ಹೋಗಿದ್ದೆ, ನಮ್ಮ ಅತ್ತೆ ಕೊಟ್ಟು ಕಳಿಸಿದ್ದರು.

ಬಾಟ್ಲಿ ತುಂಬಿ ಬಂದವು. ಯಂತ್ರದಲ್ಲಿ ನೋಡಿದರೆ ಮೂರರಲ್ಲೂ ಕಬ್ಬು! ಪಿತ್ತ ನೆತ್ತಿಗೇರಿ ಫೋನ್ ಹಚ್ಚಿದೆ.

"ಏನ್ರೀ, ಈ ಸಲ ನಿಮ್ಮ ದ್ರಾಕ್ಷಿ ಬಳ್ಳಿಗೆ ಕಬ್ಬು ಬಿಟ್ಟಿತ್ತೇನ್ರಿ?"

"ಬಳ್ಳಿ ಮ್ಯಾಲೆ ಆಣಿ ಮಾಡಿ ಹೇಳ್ತೀನ್ರಿ ಅಕ್ಕಾರ, ಒಂದ್ ಕಾಳು ಸಕ್ಕರಿ ಹಾಕಿಲ್ರಿ" ಎಂದರು. ಆಣೆ ಮಾಡದ ಕಳ್ಳ ಯಾರಿದ್ದಾನೆ ಎಂದುಕೊಂಡು ಫೋನ್ ಇಟ್ಟೆ.

ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಮದ್ಯಸಾರವನ್ನು ಬೇರ್ಪಡಿಸಿ ಯಂತ್ರಕ್ಕೆ ಕೊಟ್ಟೆ. ಅದು ಅಪ್ಪಟ ದ್ರಾಕ್ಷಿಯದು! ಕಬ್ಬು ಇದ್ದದ್ದು ಬರೀ ಸಿಹಿಯಲ್ಲಿ. ಮೋಸ ಮಾಡುವವನು ಹುಳಿಯುವ ಮೊದಲೇ ಸಕ್ಕರೆ ಹಾಕುತ್ತಾನೆ, ಅದೇ ಮದ್ಯಸಾರವಾಗುತ್ತದೆ. ಇಲ್ಲಿ ಯಾರೋ ವೈನ್ ತಯಾರಾದ ಮೇಲೆ ಬೆರೆಸಿದ್ದರು. ಮತ್ತೆ ಫೋನ್ ಮಾಡಿ, ಬಾಟ್ಲಿ ತೊಳೆದಿದ್ದಿರಾ ಎಂದು ಕೇಳಿದೆ.

"ಇಲ್ರಿ. ತಳದಾಗ ಬಿಳೀ ಹರಳು ಇದ್ದುವಲ್ರಿ, ನಿಮ್ಮ ಲ್ಯಾಬಿನ ಔಷಧ ಇರಬೇಕು ಅಂತ ಹಂಗ ತುಂಬಿದೆ."

ಸಂಜೆ ಮನೆಗೆ ಹೋದವಳೇ ಕೇಳಿದೆ. "ಅತ್ತಿ, ಅವತ್ತ ಆ ಬಾಟ್ಲ್ಯಾಗ ಏನರೆ ಹಾಕಿದ್ರೇನ್ರಿ?"

"ಮತ್ತ? ಮನಿಗೆ ಬಂದವರ ಕೈಯಾಗ ಯಾರರೆ ಖಾಲಿ ಬಾಟ್ಲಿ ಕೊಡ್ತಾರೇನ? ಒಂದೊಂದು ಚಮಚ ಸಕ್ಕರಿ ಹಾಕಿ ಕೊಟ್ಟೆ."

ಅವರನ್ನು ಬೈಯಲು ಬಾಯಿ ಬರಲಿಲ್ಲ. ಪಕ್ಕದ ಮನೆಯ ಡಬ್ಬಿ ವಾಪಸು ಕೊಡುವಾಗ ನಾನೂ ಅದನ್ನೇ ಮಾಡುತ್ತೇನಲ್ಲ! ತಪ್ಪು ನಮ್ಮ ಮನೆಯದು, ಕಳ್ಳ ಅನ್ನಿಸಿಕೊಂಡವರು ಆ ಬೆಳೆಗಾರರು. ಅವತ್ತು ನಾನು ನಾಚಿಕೊಂಡಷ್ಟು ಎಂದೂ ನಾಚಿಕೊಂಡಿಲ್ಲ. ಮರುದಿನ ಲ್ಯಾಬಿನ ಸಾಹೇಬರಿಗೆ ನನ್ನದೇ ತಪ್ಪೆಂದು ಬರೆದುಕೊಟ್ಟು, ನಾಲ್ಕು ಹೊಸ ಬಾಟ್ಲಿ ಹಿಡಿದು ಶಿರೂರಿನ ಬಸ್ಸು ಹತ್ತಿದೆ. ತೋಟದಲ್ಲಿ ಕೈಮುಗಿದು ನಡೆದದ್ದೆಲ್ಲ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಕಣ್ಣೆದುರೇ ಮೂರು ಬಾಟ್ಲಿ ತುಂಬಿಸಿಕೊಂಡು ಬಂದೆ. ಹೆಚ್ಚಿಗೆ ಒಯ್ದಿದ್ದ ನಾಲ್ಕನೆಯದು ಖಾಲಿಯಾಗಿ ಅಲ್ಲೇ ಉಳಿಯಿತು.

ಈ ಸಲ ಕಬ್ಬಿನ ಸುಳಿವೂ ಇರಲಿಲ್ಲ. ವರದಿ ಒಯ್ಯಲು ಬಂದ ದಿನ ಅವರು ಆ ನಾಲ್ಕನೆಯ ಬಾಟ್ಲಿಯನ್ನು ನನ್ನ ಮೇಜಿನ ಮೇಲಿಟ್ಟರು. ಅದರ ಕುತ್ತಿಗೆಯ ತನಕ ಒಣದ್ರಾಕ್ಷಿ ತುಂಬಿತ್ತು.

"ಖಾಲಿ ಹೆಂಗ ಕೊಡ್ಲಿರಿ ಅಕ್ಕಾರ?" ಎಂದರು.

ಅದನ್ನು ಯಂತ್ರಕ್ಕೆ ತೋರಿಸಲಿಲ್ಲ. ಸೀದಾ ಒಯ್ದು ಅತ್ತೆಯ ಕೈಗೆ ಕೊಟ್ಟೆ.