ಕನ್ನಡದ ಮುಂದಿದ್ದ ಟಿಕ್

ಆಸ್ಪತ್ರೆಗಳಿಗೆ ಸರ್ವರ್ ಹಾಕಿಕೊಡುವುದು ನನ್ನ ಕೆಲಸ. ಹೆಸರು ಬರೆಸುವ ಕೌಂಟರು, ಡಾಕ್ಟರ ಕೋಣೆ, ಔಷಧಿ ಅಂಗಡಿ, ಅಲ್ಲಿನ ಕಂಪ್ಯೂಟರುಗಳೆಲ್ಲ ಒಂದು ಯಂತ್ರವನ್ನು ನಂಬಿಕೊಂಡಿರುತ್ತವೆ. ಆ ಒಂದನ್ನು ನೆಟ್ಟಗೆ ನಿಲ್ಲಿಸಿ ಬರುವವನು ನಾನು. ಈ ಕೆಲಸದಲ್ಲಿ ನನಗೆ ಸ್ವಲ್ಪ ಕೊಬ್ಬಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ಹಾಕಿದ ಸರ್ವರ್ ಒಮ್ಮೆಯೂ ನಿಲ್ಲದೆ ಎಷ್ಟು ದಿನ ಓಡಿದೆ ಎಂದು ಎಣಿಸಿಡುತ್ತಿದ್ದೆ. ಕೇಳದವರಿಗೂ ಹೇಳುತ್ತಿದ್ದೆ.

ಆಂಧ್ರದ ಗಡಿಯಲ್ಲಿರುವ ರಾಯದುರ್ಗದ ಒಂದು ಕಣ್ಣಾಸ್ಪತ್ರೆಯಲ್ಲಿ ಸರ್ವರನ್ನು ವಿಂಡೋಸ್ ಮೇಲೆ ಹಾಕಿದ್ದೆ. ಆಪರೇಷನ್ ಆದವರು ಮನೆಗೆ ಹೊರಡುವಾಗ ಅಲ್ಲಿ ಒಂದು ಚೀಟಿ ಅಚ್ಚಾಗಿ ಬರುತ್ತದೆ. ಯಾವ ಡ್ರಾಪ್ಸ್, ದಿನಕ್ಕೆ ಎಷ್ಟು ಸಲ, ಯಾವ ವಾರದಿಂದ ಕಡಿಮೆ ಮಾಡಬೇಕು, ಎಲ್ಲ ಅದರಲ್ಲಿರುತ್ತದೆ. ತೆಲುಗು, ಕನ್ನಡ, ಇಂಗ್ಲಿಷು, ಯಾವುದು ಬೇಕೋ ಅದು. ಅಲ್ಲಿ ಕನ್ನಡ ತಾನಾಗಿಯೇ ಬಂತು, ನಾನೇನೂ ಮಾಡಬೇಕಾಗಲಿಲ್ಲ.

ಅದೇ ಆಸ್ಪತ್ರೆಯವರು ಮಡಕಶಿರದಲ್ಲಿ ಶಾಖೆ ತೆರೆದಾಗ, ಇಲ್ಲಿಗೆ ಲಿನಕ್ಸ್ ಹಾಕೋಣ ಎಂದವನು ನಾನೇ. ಬೇಗ ಮುಗಿಯಲಿ ಎಂದು ಬೇಡದ್ದನ್ನೆಲ್ಲ ಬಿಟ್ಟು ಚಿಕ್ಕದಾಗಿ ಹಾಕಿದೆ. ಆ ಬೇಡದ್ದರಲ್ಲಿ ನಮ್ಮ ಭಾಷೆಗಳ ಅಕ್ಷರ ಮೂಡಿಸುವ ಫಾಂಟುಗಳೂ ಹೋದವು. ತೆಲುಗಿನದು ಪೆನ್‌ಡ್ರೈವಿನಲ್ಲಿ ತಂದಿದ್ದೆ. ಮನೆಯಲ್ಲಿ ಕನ್ನಡ ಮಾತಾಡುವ ನಾನು ಕನ್ನಡದ್ದನ್ನೇ ತಂದಿರಲಿಲ್ಲ. ಅಲ್ಲಿ ಇನ್ನೂ ನೆಟ್ ಬಂದಿರಲಿಲ್ಲ, ನನ್ನ ಬಸ್ಸಿಗೂ ಹೊತ್ತಾಗುತ್ತಿತ್ತು.

ಕೌಂಟರಿನ ಹೆಂಗಸು ಅಚ್ಚಾದ ಹಾಳೆ ಹಿಡಿದುಕೊಂಡು ಬಂದಳು. "ಸಾರ್, ಕನ್ನಡ ಒತ್ತಿದ್ರೆ ಬರೀ ಚೌಕಗಳು ಬತ್ತಾವೆ."

"ಇಲ್ಲಿ ತೆಲುಗು ಯಾರಿಗ್ ಬರಲ್ಲ ಹೇಳ್ರಿ?" ಎಂದೆ.

"ಮಾತಾಡಕ್ಕೆ ಬತ್ತೈತೆ ಸಾರ್. ನಮ್ಮ ಕಡೆ ಹಳ್ಳಿಯೋರು ಬೋ ಜನ ಓದೋದು ಕನ್ನಡಾನೆ."

ಅದು ನನಗೆ ಗೊತ್ತಿಲ್ಲದ ಮಾತಲ್ಲ. ಆದರೂ ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಮುಂದಿದ್ದ ಟಿಕ್ ತೆಗೆದುಬಿಟ್ಟೆ. ಚೌಕಗಳ ಕಾಟ ತಪ್ಪಿತು. ಮುಂದಿನ ಸಲ ಬಂದಾಗ ಸರಿ ಮಾಡುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ.

ಮುಂದಿನ ಸಲ ಬಂತು, ಅದರ ಮುಂದಿನದೂ ಬಂತು. ಫಾಂಟ್ ಹಾಕಿದರೆ ಸರ್ವರನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಬೇಕು, ನನ್ನ ದಿನಗಳ ಎಣಿಕೆ ಸೊನ್ನೆಗೆ ಬೀಳುತ್ತದೆ. ಎರಡೂ ಕಡೆ ನೋಡಿಕೊಳ್ಳುವ ರಾಯದುರ್ಗದ ಮ್ಯಾನೇಜರು ಬೇರೆ, "ಚಲೋ ನಡದೈತಲ್ರಿ, ಮತ್ಯಾಕ ಮುಟ್ತೀರಿ?" ಎಂದರು. ನನಗೂ ಅಷ್ಟೇ ಬೇಕಾಗಿತ್ತು.

ಮಡಕಶಿರದ ಹತ್ತಿರದ ರತ್ನಗಿರಿಯಲ್ಲಿ ನನ್ನ ದೊಡ್ಡಮ್ಮ ಇದ್ದಾಳೆ, ಅಮ್ಮನ ಅಕ್ಕ. ಬೀದಿಯವರ ಮದುವೆ ಪತ್ರಿಕೆ, ಫೋನಿಗೆ ಬಂದ ಸಂದೇಶ, ಎಲ್ಲವನ್ನೂ ಜೋರಾಗಿ ಓದಿ ಹೇಳುವವಳು ಅವಳೇ. ಅವಳ ಬಲಗಣ್ಣಿಗೆ ಪೊರೆ ಬಂದಾಗ, "ಮಡಕಶಿರಕ್ಕೇ ಹೋಗು ದೊಡ್ಡಮ್ಮ, ಅಲ್ಲಿ ಕಂಪ್ಯೂಟರ್ ಹಾಕಿರೋನು ನಾನೇ" ಎಂದು ಬೀಗಿದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಫೋನ್ ಮಾಡಿದಾಗಲೆಲ್ಲ ಚೆನ್ನಾಗಿದ್ದೀನಿ ಎನ್ನುತ್ತಿದ್ದಳು.

ಎರಡು ತಿಂಗಳ ಮೇಲೆ ಹೋದಾಗ, ಟೀ ಲೋಟವನ್ನು ನನ್ನ ಕೈಗೆ ಕೊಡುವ ಬದಲು ಪಕ್ಕಕ್ಕೆ ಚಾಚಿದಳು. ಆ ಕಣ್ಣು ಮಂಜಾಗಿತ್ತು. ಅವತ್ತೇ ಕರೆದುಕೊಂಡು ಹೋಗಿ ತೋರಿಸಿದೆ. ಡ್ರಾಪ್ಸನ್ನು ಮಧ್ಯದಲ್ಲೇ ಬಿಟ್ಟಿದ್ದಾರೆ, ಒಳಗೆ ಊತ ಉಳಿದುಬಿಟ್ಟಿದೆ, ಹೋದ ದೃಷ್ಟಿ ಪೂರ್ತಿ ಬರುವುದು ಕಷ್ಟ ಎಂದರು ಡಾಕ್ಟರು.

ಮನೆಗೆ ಬಂದು ಕೇಳಿದೆ. ಮೊದಲ ವಾರದ್ದನ್ನು ನರ್ಸಮ್ಮ ಬಾಯಲ್ಲಿ ಹೇಳಿದ್ದರಂತೆ, ಅದನ್ನು ತಪ್ಪದೆ ಮಾಡಿದ್ದಳು. ಕಣ್ಣಿನ ಕೆಂಪು ಹೋದ ಮೇಲೆ ಮುಗಿಯಿತು ಅಂದುಕೊಂಡಿದ್ದಳು. ಉಳಿದ ವಾರಗಳೆಲ್ಲ ಚೀಟಿಯಲ್ಲಿದ್ದವು. ಚೀಟಿ ಕನ್ನಡಿಯ ಹಿಂದೆ ಇತ್ತು, ನೀಟಾಗಿ ಮಡಿಸಿ, ತೆಲುಗಿನಲ್ಲಿ.

"ಯಾರ್ ಹತ್ರಾನಾದ್ರೂ ಓದಿಸ್ಕೊಬಾರ್ದಾಗಿತ್ತಾ ದೊಡ್ಡಮ್ಮ?"

"ಬೀದಿಯೋರ್ಗೆಲ್ಲ ಓದಿ ಹೇಳೋಳು ನಾನು. ನಾನೋಗಿ ಯಾರ್ನ ಕೇಳ್ಲಪ್ಪ?"

ಮರುದಿನ ಬೆಳಿಗ್ಗೆ ಮಡಕಶಿರಕ್ಕೆ ಹೋಗಿ ಫಾಂಟ್ ಹಾಕಿದೆ, ಟಿಕ್ ಹಾಕಿದೆ, ಸರ್ವರನ್ನು ನಿಲ್ಲಿಸಿ ಎಬ್ಬಿಸಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಕೌಂಟರಿನ ಹೆಂಗಸು, "ಬಂತು ಸಾರ್" ಎಂದಳಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ದೊಡ್ಡಮ್ಮನ ಚೀಟಿಯನ್ನೇ ಕನ್ನಡದಲ್ಲಿ ಅಚ್ಚು ಹಾಕಿಸಿ ತಂದುಕೊಟ್ಟೆ. ಯಾಕೆ ತಂದೆನೋ ಗೊತ್ತಿಲ್ಲ. ಅವಳು ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಮದುವೆ ಪತ್ರಿಕೆ ಓದುವ ದನಿಯಲ್ಲೇ ಓದಿದಳು. ಎರಡನೇ ವಾರ ದಿನಕ್ಕೆ ನಾಲ್ಕು ಸಲ. ಮೂರನೇ ವಾರ ಮೂರು ಸಲ. ಎಲ್ಲಿಯೂ ತಡವರಿಸಲಿಲ್ಲ.

"ಇದು ಕನ್ನಡದಾಗೂ ಕೊಡ್ತಾರಾ?" ಎಂದು ಹಾಳೆ ಕೆಳಗಿಟ್ಟಳು. "ಹಂಗಾರೆ ನಂದೇ ತಪ್ಪು ಕಣಪ್ಪ. ಬಾಯ್ಬಿಟ್ಟು ಕೇಳ್ಬೇಕಿತ್ತು."

ಕೇಳಿದ್ದರೂ ಸಿಗುತ್ತಿರಲಿಲ್ಲ, ಅದನ್ನು ತೆಗೆದವನು ನಾನು ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ. ಈಗ ಊರಿನಲ್ಲಿ ಯಾರು ಕಣ್ಣಿನ ಆಪರೇಷನ್ನಿಗೆ ಹೊರಟರೂ ದೊಡ್ಡಮ್ಮ ಬಾಗಿಲಿಗೆ ಬಂದು ಬುದ್ಧಿ ಹೇಳುತ್ತಾಳಂತೆ: "ನನ್ನಂಗೆ ಪೆದ್ದಾಗ್ಬ್ಯಾಡ್ರಿ, ಕನ್ನಡದ ಚೀಟಿ ಕೇಳಿ ಇಸ್ಕೊಳ್ರಿ. ನಮ್ಮುಡುಗ ಹಾಕಿರೋ ಮಿಷಿನ್ನು, ಕೇಳಿದ್ರೆ ಕೊಡ್ತೈತೆ."