ಟೆಂಟಿನ ಮಗಳು, ಕೇಬಲ್ಲಿನ ಹೆಂಡತಿ

ನನ್ನ ಮದುವೆಗೆ ಅಪ್ಪ ಒಪ್ಪಿದ್ದೇ ಹುಡುಗ ಸಿನಿಮಾ ಲೈನಿನವನು ಅನ್ನುವ ಕಾರಣಕ್ಕೆ. ಅಪ್ಪನದು ಅಕ್ಕಿಹೆಬ್ಬಾಳಿನಲ್ಲಿ ಟೆಂಟ್ ಸಿನಿಮಾ. ಹುಡುಗ ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರಿನವರು, ಕೇಬಲ್ ಟಿವಿ ಕೆಲಸ ಕಲಿತಿದ್ದರು. ಹೆಣ್ಣು ನೋಡಲು ಬಂದ ದಿನ ಅವರೂ ಅಪ್ಪನೂ ನನ್ನನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಪ್ರೊಜೆಕ್ಟರು, ಆಂಪ್ಲಿಫೈಯರು, ಸ್ಪೀಕರು ಅಂತ ಮಾತಾಡಿಕೊಂಡರು. ನಾನು ಕಾಫಿ ಲೋಟಗಳ ತಟ್ಟೆ ಹಿಡಿದುಕೊಂಡು ನಿಂತೇ ಇದ್ದೆ. ಕಾಫಿ ತಣ್ಣಗಾಯಿತು, ಸಂಬಂಧ ಗಟ್ಟಿಯಾಯಿತು.

ಮಗಳು ಕಣ್ಣೆದುರಿಗೇ ಇರಲಿ ಅಂತ ಅಳಿಯನನ್ನು ಅಕ್ಕಿಹೆಬ್ಬಾಳಿಗೆ ಕರೆಸಿಕೊಂಡವನೂ ಅಪ್ಪನೇ. ನಮ್ಮ ಮನೆಯ ತಾರಸಿಯ ಮೇಲೆ ಮದುವೆ ಅಡುಗೆಯ ಬಾಣಲೆಯಂಥ ಡಿಶ್ಶು ನಿಲ್ಲಿಸುವಾಗ ತೆಂಗಿನಕಾಯಿ ಒಡೆದವನೂ ಅವನೇ. ಅಲ್ಲಿಂದ ಹೊರಟ ಕಪ್ಪು ವೈರು ತೆಂಗಿನಮರ, ಲೈಟುಕಂಬ, ಯಾರದೋ ಮನೆಯ ಸೂರು, ಹೀಗೆ ಸಿಕ್ಕಿದ್ದನ್ನೆಲ್ಲ ತಬ್ಬಿಕೊಂಡು ಊರು ಸುತ್ತಿತು. ಆಗ ಅದರಲ್ಲಿ ಬರುತ್ತಿದ್ದದ್ದು ಹಿಂದಿ ಧಾರಾವಾಹಿ, ಕ್ರಿಕೆಟ್ಟು, ಯಾರಿಗೂ ಅರ್ಥವಾಗದ ಇಂಗ್ಲಿಷು. "ಬಿಳೀ ಜನ ಕುಣ್ಯೋದ್ನ ಎಷ್ಟು ದಿನಾಂತ ನೋಡಾರು? ಸಂಜಿಕೆ ಎಲ್ಲಾ ನನ್ ಟೆಂಟ್ಗೇ ಬತ್ತಾರೆ" ಅಂತ ಅಪ್ಪ ಮೀಸೆಯ ಮೇಲೆ ಕೈಯಾಡಿಸುತ್ತಿದ್ದ. ಬರುತ್ತಲೂ ಇದ್ದರು. ರೈಲಿನಿಂದ ಹೊಸ ಸಿನಿಮಾದ ರೀಲಿನ ಡಬ್ಬ ಇಳಿದರೆ ಸಾಕು, ಡಬ್ಬದ ಹಿಂದೆಯೇ ಅರ್ಧ ಊರು ಸ್ಟೇಷನ್ನಿನಿಂದ ಮೆರವಣಿಗೆ ಬರುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಮ್ಮ ಯಜಮಾನರು ಬೆಂಗಳೂರಿಗೆ ಹೋಗಿ ಒಂದು ವಿಸಿಡಿ ಪ್ಲೇಯರ್ ತಂದರು. ಜೊತೆಗೆ ಹೊಳೆಯುವ ಎರಡು ಬಿಲ್ಲೆ. ನಾಗಮಂಗಲ, ಬೆಳ್ಳೂರಿನ ಕಡೆಯ ಕೇಬಲ್ಲಿನವರೆಲ್ಲ ಆಗಲೇ ಭಾನುವಾರ ಮಧ್ಯಾಹ್ನ ಹೊಸ ಸಿನಿಮಾ ಹಾಕಲು ಶುರು ಮಾಡಿದ್ದರಂತೆ. ಅಪ್ಪ ಒಂದು ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ರೀಲನ್ನು ಬೆಳಕಿಗೆ ಹಿಡಿದರೆ ಹೀರೋನ ಮುಖ ಕಾಣಿಸುತ್ತದೆ. ಇದರಲ್ಲಿ ಅಪ್ಪನಿಗೆ ತನ್ನ ಮುಖವೇ ಕಾಣಿಸಿತು.

"ಇದ್ರಲ್ಲಿ ಎಷ್ಟು ರೀಲವೆ?"

"ಅರ್ಧ ಸಿನಿಮಾ ಅದೆ ಮಾವ. ಇನ್ನರ್ಧ ಆ ಇನ್ನೊಂದ್ರಲ್ಲಿ."

"ಆದ್ಮೇಲೆ ವಾಪಸ್ ಸುತ್ತೋದು ಎಂಗೆ?"

"ಸುತ್ತೋದೇ ಬ್ಯಾಡ ಮಾವ."

ಸುತ್ತುವುದೇ ಬೇಡ ಅಂದದ್ದು ಅಪ್ಪನಿಗೆ ಸ್ವಲ್ಪವೂ ಹಿಡಿಸಲಿಲ್ಲ. ಬದುಕೆಲ್ಲ ರೀಲು ಸುತ್ತಿದವನು. ಸುತ್ತದೆ ಓಡುವ ಸಿನಿಮಾ ಅಂದರೆ ಅವನ ಮಟ್ಟಿಗೆ ಮೈಗಳ್ಳರ ಸಿನಿಮಾ. ಆದರೂ ಆ ದಿನ ಬಿಲ್ಲೆಯನ್ನು ಮರ್ಯಾದೆಯಾಗಿಯೇ ವಾಪಸ್ಸು ಕೊಟ್ಟ, ಊಟ ಮಾಡಿದ, ಹೋದ.

ಸಿಟ್ಟು ಬಂದದ್ದು ಮುಂದಿನ ಭಾನುವಾರ. ಅಪ್ಪನ ಟೆಂಟಿನಲ್ಲಿ ಓಡುತ್ತಿದ್ದ ಸಿನಿಮಾ ಯಾವುದೋ, ಅದೇ ಸಿನಿಮಾ ಮಧ್ಯಾಹ್ನದ ಬಾಡೂಟ ಮುಗಿಯುವ ಹೊತ್ತಿಗೆ ಸರಿಯಾಗಿ ಊರಿನ ಟಿವಿಗಳಲ್ಲೆಲ್ಲ ಬಂತು. ಮೊದಲ ಬಿಲ್ಲೆ ಮುಗಿದು ಎರಡನೆಯದು ಹಾಕುವಾಗ ನಮ್ಮ ಯಜಮಾನರು ಸ್ವಲ್ಪ ಹೊತ್ತು ಖಾಲಿ ನೀಲಿ ಪರದೆ ಬಿಟ್ಟರು. ಅಭ್ಯಾಸಬಲ ನೋಡಿ, ಅದನ್ನು ಕಂಡ ತಕ್ಷಣ ಇಂಟರ್‌ವಲ್ಲು ಅಂದುಕೊಂಡು ಇಡೀ ಬೀದಿ ಎದ್ದು ಹೊರಗೆ ಬಂದು ಬೀಡಿ ಹಚ್ಚಿತು. ಆ ಬೀಡಿ ಹೊಗೆ ಕಂಡೇ ಅಪ್ಪನಿಗೆ ವಿಷಯ ಗೊತ್ತಾದದ್ದು. ಮನೆ ಬಾಗಿಲಿಗೆ ಬಂದು ನಿಂತ. ಅಳಿಯ ಎದುರಿಗೇ ಇದ್ದರೂ ನನ್ನ ಕಡೆ ತಿರುಗಿಕೊಂಡ.

"ನಿನ್ ಗಂಡುಂಗೆ ಹೇಳ್ಬುಡವ್ವ. ಆ ಬಿಲ್ಲೆ ಈ ಮನೇಲಿ ಇರೋಗಂಟ ನಾನು ಈ ಹೊಸ್ಲು ತುಳಿಯಕ್ಕಿಲ್ಲ. ಅಷ್ಟೇ ಅಲ್ಲ, ಜೈಲಿಗೆ ಕಳಿಸ್ತೀನಿ."

ನಮ್ಮ ಯಜಮಾನರೂ ನನ್ನ ಕಡೆಯೇ ತಿರುಗಿಕೊಂಡರು. "ನಿಮ್ಮಪ್ಪಂಗೆ ಹೇಳು, ನಾನ್ ಹಾಕ್ದೇ ಇದ್ರೆ ಇನ್ನೊಬ್ಬ ಬಂದು ಹಾಕ್ತಾನೆ ಅಂತ."

ಇಬ್ಬರಿಗೂ ಕಿವಿ ಚೆನ್ನಾಗಿಯೇ ಇತ್ತು. ನಡುವೆ ನಾನೊಬ್ಬಳು ಮೈಕಿನ ಹಾಗೆ ನಿಂತಿದ್ದೆ. ಸಿಟ್ಟು ನೆತ್ತಿಗೇರಿ ಒಳಗೆ ಹೋಗಿ ಪಾತ್ರೆಗಳನ್ನು ದಡಬಡ ಎತ್ತಿಹಾಕಿದೆ. ಯಾರಿಗೂ ಕೇಳಿಸಲಿಲ್ಲ.

ಅಪ್ಪ ಬಾಯಿಮಾತಿಗೆ ಹೇಳಿದ್ದಲ್ಲ. ಮಾರನೆಯ ದಿನ ಬೆಳಿಗ್ಗೆ ಬಸ್ಸು ಹತ್ತಿ ಠಾಣೆಗೆ ಹೋದ. ಅಲ್ಲಿ ನಡೆದದ್ದನ್ನು ಜೊತೆಗೆ ಹೋಗಿದ್ದ ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತ ಬಂದು ನನಗೆ ಹೇಳಿದ.

"ಏನು ಕಳುವಾಗದೆ ಯಜಮಾನ್ರೇ?" ಅಂದರಂತೆ ಹೆಡ್ ಕಾನ್‌ಸ್ಟೇಬಲ್ಲು.

"ಸಿನಿಮಾ."

"ಡಬ್ಬ ಎಲ್ಲಿಟ್ಟಿದ್ರಿ?"

"ಟೆಂಟಲ್ಲಿ. ಈಗ್ಲೂ ಅಲ್ಲೇ ಅದೆ."

"ರೀಲು?"

"ಎಲ್ಲಾ ಅವೆ."

"ಮತ್ತೆ ಹೋಗಿರೋದೇನು?"

"ಜನ, ಸ್ವಾಮಿ" ಅಂದನಂತೆ ಅಪ್ಪ.

ಹೆಡ್ ಕಾನ್‌ಸ್ಟೇಬಲ್ಲು ಪಾಪ, ಪೆನ್ನು ತೆಗೆದುಕೊಂಡು, "ಕಾಣೆಯಾದೋರು ಎಷ್ಟು ಜನ? ವಯಸ್ಸು, ಚಹರೆ ಹೇಳಿ" ಅಂದರಂತೆ. ಆಮೇಲೆ ದೊಡ್ಡ ಸಾಹೇಬರು ಬಂದು, ಇದು ಕಾಪಿರೈಟಿನ ಕೇಸು, ಸಿನಿಮಾದ ಹಕ್ಕು ಇರುವವರು ಬಂದು ಹೇಳಬೇಕು, ಅದೂ ಓಡುತ್ತಿರುವಾಗಲೇ ಹಿಡಿದುಕೊಡಬೇಕು ಅಂತ ವಿವರಿಸಿದರಂತೆ. ಹೊಲದಲ್ಲಿ ಬೆಳೆ ಕದ್ದರೆ ಬುಡವಾದರೂ ಉಳಿದಿರುತ್ತದೆ, ತೋರಿಸಬಹುದು. ಇಲ್ಲಿ ಎಲ್ಲವೂ ಇದ್ದ ಹಾಗೇ ಇದೆ, ಆದರೂ ಕಳುವಾಗಿದೆ. ಇದನ್ನು ಹೇಗೆ ಹೇಳುವುದೋ ಅಪ್ಪನಿಗೆ ತಿಳಿಯಲಿಲ್ಲ. ನನಗೂ ಈವರೆಗೆ ಸರಿಯಾಗಿ ತಿಳಿದಿಲ್ಲ.

ಅಷ್ಟರಲ್ಲಿ ಮೈಸೂರಿನಲ್ಲಿ ಟೆಂಟು, ಟಾಕೀಸಿನವರೂ ಹಂಚಿಕೆದಾರರೂ ಸೇರಿ ಒಂದು ಸಭೆ ಮಾಡಿದರು. ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ಹೋದ. ಬಿಲ್ಲೆ ಅನ್ನುವುದು ಚಿತ್ರರಂಗಕ್ಕೆ ಅಂಟಿದ ರೋಗ, ಅದು ನಮ್ಮ ಸೀಮೆಯೊಳಗೆ ಕಾಲಿಡಲೇಬಾರದು ಅಂತ ಎಲ್ಲರೂ ಕೈ ಎತ್ತಿ ನಿರ್ಣಯ ಮಾಡಿದರಂತೆ. ಬಿಲ್ಲೆ ಸಭೆಗೆ ಬಂದಿರಲಿಲ್ಲವಾಗಿ ಅದಕ್ಕೆ ನಿರ್ಣಯ ಗೊತ್ತಾಗಲಿಲ್ಲ. ಮುಂದಿನ ಭಾನುವಾರವೂ ನಮ್ಮ ಮನೆಗೆ ಬಂತು.

ಅದರ ಮುಂದಿನ ಭಾನುವಾರ ಬೆಳಿಗ್ಗೆಯ ರೈಲಿಗೆ ಸಿನಿಮಾದ ಹಕ್ಕು ಇದ್ದ ಹಂಚಿಕೆದಾರರ ಪ್ರತಿನಿಧಿ ಇಳಿದರು. ಅಪ್ಪ ಅವರನ್ನು ನಮ್ಮ ಬೀದಿಯವರೆಗೆ ಕರೆದುಕೊಂಡು ಬಂದು, ಕೈ ಎತ್ತಿ ಮನೆ ತೋರಿಸಿ, ತಾನು ಎದುರಿನ ಬೇವಿನಮರದ ಕಟ್ಟೆಯ ಮೇಲೆ ಕುಳಿತ. ಹೊಸಿಲು ತುಳಿಯುವುದಿಲ್ಲ ಅಂದಿದ್ದನಲ್ಲ, ಮಾತಿನವನು.

ಪ್ರತಿನಿಧಿ ಒಳಗೆ ಬಂದು ಕುರ್ಚಿ ಎಳೆದುಕೊಂಡರು. "ನೀವು ಸಿನಿಮಾ ಹಾಕಿ. ಓಡ್ತಾ ಇರೋವಾಗ ಮಿಷನ್ನು, ಡಿಸ್ಕು ಎರಡೂ ನನ್ನ ವಶಕ್ಕೆ ತಗೊಂಡು ಪೊಲೀಸಿನವರಿಗೆ ಫೋನ್ ಮಾಡ್ತೀನಿ. ಅಲ್ಲೀತನಕ ಇಲ್ಲೇ ಕೂತಿರ್ತೀನಿ" ಅಂದರು.

"ನಾನು ಹಾಕಲ್ಲ" ಅಂದರು ನಮ್ಮ ಯಜಮಾನರು.

"ಹಾಕೋವರೆಗೂ ನಾನು ಏಳಲ್ಲ."

ಒಬ್ಬರು ಕುರ್ಚಿಯಲ್ಲಿ, ಒಬ್ಬರು ಮೆಟ್ಟಿಲ ಕೆಳಗಿನ ಮಿಷನ್ನಿನ ಕೋಣೆಯ ಬಾಗಿಲಲ್ಲಿ, ಒಬ್ಬರು ಬೇವಿನಮರದ ಕೆಳಗೆ. ಮೂರು ಗಂಡಸರು ಮೂರು ಕಡೆ ಮುಖ ಊದಿಸಿಕೊಂಡು ಕುಳಿತಿದ್ದರು. ನನ್ನ ಯೋಚನೆಯೇ ಬೇರೆ. ಕೇಸಾದರೆ ಗಂಡ ಸ್ಟೇಷನ್ನು, ಕೋರ್ಟು ಅಂತ ಅಲೆಯಬೇಕು. ದೂರು ಕೊಟ್ಟವನು ನನ್ನಪ್ಪ. ಆಮೇಲೆ ನಾನು ಯಾವ ಮುಖ ಹೊತ್ತು ತವರಿಗೆ ಹೋಗಲಿ, ಯಾವ ಮುಖ ಹೊತ್ತು ಈ ಮನೆಯಲ್ಲಿ ಇರಲಿ?

ನೀರು ಕೊಡಲು ಹೋದಾಗ ಪ್ರತಿನಿಧಿಯ ಮುಖ ಸರಿಯಾಗಿ ನೋಡಿದೆ. ಅರೆ, ಇವರೇ! ನಾನು ಲಂಗ ಹಾಕುತ್ತಿದ್ದ ಕಾಲದಲ್ಲಿ ಡಬ್ಬದ ಜೊತೆ ನಮ್ಮ ಟೆಂಟಿಗೆ ಬರುತ್ತಿದ್ದವರು. ಕೂದಲು ಹೋಗಿತ್ತು, ಹೊಟ್ಟೆ ಬಂದಿತ್ತು.

ಇಲ್ಲೊಂದು ವಿಷಯ ಹೇಳಬೇಕು. ದಿನಕ್ಕೆ ಎಷ್ಟು ಆಟ ಆಡಿಸಿದರು, ಎಷ್ಟು ಜನ ಬಂದರು ಅಂತ ನೋಡಿ ತಮ್ಮ ಪಾಲು ಲೆಕ್ಕ ಹಾಕಲು ಹಂಚಿಕೆದಾರರು ಪ್ರತಿನಿಧಿಯನ್ನು ಕಳಿಸುವುದು ವಾಡಿಕೆ. ಅವರು ಬಂದ ದಿನ ಅಪ್ಪ ನಾಟಿ ಕೋಳಿ ಕೊಯ್ಯಿಸುತ್ತಿದ್ದ. ಮುದ್ದೆ, ಕೋಳಿಸಾರು, ಬೋಟಿ ಗೊಜ್ಜು, ಮೇಲೆ ಅನ್ನ, ಕೊನೆಗೆ ಒಂದು ಚೊಂಬು ಮಜ್ಜಿಗೆ. ಬೆಂಗಳೂರಿನ ಹೋಟೆಲ್ ಊಟದವರಿಗೆ ಇಷ್ಟು ಇಳಿದರೆ ಮುಗಿಯಿತು, ಚಾಪೆ ಹುಡುಕುತ್ತಿದ್ದರು. ಅವರು ಮಲಗಿ ಏಳುವುದರೊಳಗೆ ಅಪ್ಪ ಯಾವ ಲೆಕ್ಕಕ್ಕೂ ಸೇರದ ಒಂದು ಆಟ ಆಡಿಸಿ ಮುಗಿಸುತ್ತಿದ್ದ. ನಮ್ಮ ಕಡೆಯ ಟೆಂಟಿನವರೆಲ್ಲ ಮಾಡುತ್ತಿದ್ದದ್ದೇ ಅದು. ಅದನ್ನು ಯಾರೂ ಕಳ್ಳತನ ಅನ್ನುತ್ತಿರಲಿಲ್ಲ, ಅತಿಥಿ ಸತ್ಕಾರ ಅನ್ನುತ್ತಿದ್ದರು. ಆ ಸತ್ಕಾರದಲ್ಲಿ ಬಡಿಸುತ್ತಿದ್ದವಳು ನಾನು.

ಹಿತ್ತಲಿಗೆ ಹೋಗಿ ಒಂದು ಹುಂಜ ಹಿಡಿದೆ.

"ಡ್ಯೂಟಿ ಮೇಲೆ ಬಂದಿದ್ದೀನಮ್ಮಾ, ಊಟ ಎಲ್ಲಾ ಬೇಡ" ಅಂದರು ಪ್ರತಿನಿಧಿ. ಒಗ್ಗರಣೆ ಬೀಳುವವರೆಗೂ ಅದೇ ಮಾತಿನಲ್ಲಿದ್ದರು. ಮಸಾಲೆ ಕುದಿಯತೊಡಗಿದ ಮೇಲೆ, "ಟೆಂಟಿನವರ ಮಗಳಲ್ವೇನಮ್ಮಾ ನೀನು?" ಅಂದರು. ತಟ್ಟೆ ಇಟ್ಟ ಮೇಲೆ ಅಂಗಿಯ ತೋಳು ಮಡಿಚಿಕೊಂಡರು. ಎರಡನೇ ಮುದ್ದೆಗೆ ಬೆಲ್ಟು ಸಡಿಲಿಸಿದರು. ಮಜ್ಜಿಗೆ ಚೊಂಬು ಕೆಳಗಿಡುವಾಗ ಕಣ್ಣು ಅರ್ಧ ಮುಚ್ಚಿತ್ತು. "ಶುರುವಾದ ತಕ್ಷಣ ಎಬ್ಬಿಸಮ್ಮಾ" ಅಂತ ನನಗೇ ಜವಾಬ್ದಾರಿ ವಹಿಸಿ ಚಾಪೆಯ ಮೇಲೆ ಒರಗಿಕೊಂಡರು. ಸ್ವಲ್ಪ ಹೊತ್ತಿಗೆ ಗೊರಕೆ ಬಂತು, ಪ್ರೊಜೆಕ್ಟರಿನ ಹಾಗೆ ಒಂದೇ ಸಮ.

ನಾನು ಅಂದುಕೊಂಡದ್ದು ಇಷ್ಟೇ: ಅವರು ಏಳುವುದರೊಳಗೆ ನಮ್ಮ ಯಜಮಾನರು ಮಿಷನ್ನು ಎತ್ತಿಕೊಂಡು ಎಲ್ಲಿಗಾದರೂ ಸಾಗಿಸಲಿ ಅಂತ. ಆದರೆ ಕೇಬಲ್ಲಿನವರ ಬುದ್ಧಿಯೇ ಬೇರೆ. ಆಗಲೇ ಗೇಟಿನ ಹತ್ತಿರ ಒಬ್ಬೊಬ್ಬರೇ ಬಂದು, "ಯಾಕಣ್ಣೋ ಇನ್ನೂ ಬುಟ್ಟಿಲ್ಲ? ಉಂಡು ಕೈ ತೊಳ್ಕಂಡು ಕೂತವಿ" ಅಂತ ಕೂಗತೊಡಗಿದ್ದರು.

"ಮಲಗವ್ರಲ್ಲ. ಹಾಕ್ಬುಡ್ಲಾ?" ಅಂದರು ನಮ್ಮ ಯಜಮಾನರು ಪಿಸುಮಾತಿನಲ್ಲಿ.

"ನಿಮ್ಗೇನ್ ಬುದ್ಧಿ ಇದ್ದದಾ ಇಲ್ವಾ? ನಿಮ್ಮುನ್ನ ಹಿಡಿಯೋಕ್ ಬಂದೋರು ನಡುಮನೇಲಿ ಬಿದ್ದವ್ರೆ!"

"ಜನ ಕಾಯ್ತಾವ್ರೆ ಕಣೇ" ಅಂದರು, ಹಾಕಿಯೇಬಿಟ್ಟರು. ನಮ್ಮ ಟಿವಿಯ ಸೌಂಡು ಮಾತ್ರ ಪೂರ್ತಿ ಇಳಿಸಿದರು. ಅಪ್ಪನ ಟೆಂಟಿನಲ್ಲಿ ಆ ವಾರ ಓಡುತ್ತಿದ್ದ ಸಿನಿಮಾವೇ. ನಮ್ಮ ನಡುಮನೆಯಲ್ಲಿ ಕಾಪಿರೈಟು ಬಾಯಿ ತೆರೆದು ಮಲಗಿತ್ತು, ಅದರ ಕಾಲ ಬಳಿ ಸಿನಿಮಾ ಓಡುತ್ತಿತ್ತು.

ಹೊರಗೆ ನೋಡಿದರೆ ಅಪ್ಪ ಕಟ್ಟೆಯಿಂದ ಎದ್ದು ಗೇಟಿನವರೆಗೆ ಬಂದಿದ್ದ. ಕೋಳಿಸಾರಿನ ಘಮ ಅವನಿಗೆ ತಿಳಿಯದ್ದೇನಲ್ಲ. ಗೊರಕೆಯೂ ಕೇಳಿಸುತ್ತಿತ್ತು. ಒಳಗೆ ಏನು ನಡೆದಿದೆ ಅಂತ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಂದು ಸಲ ಜೋರಾಗಿ ಕೂಗಿದರೆ ಸಾಕಿತ್ತು, ಪ್ರತಿನಿಧಿ ಎದ್ದು ಕೂರುತ್ತಿದ್ದರು. ನಾನು ಓಡಿಹೋಗಿ ಗೇಟು ಹಿಡಿದುಕೊಂಡೆ.

"ಅಪ್ಪ, ನಿನ್ ದಮ್ಮಯ್ಯ, ಕೂಗ್ಬ್ಯಾಡ."

ಅಪ್ಪ ನನ್ನ ಕಡೆ ನೋಡಲಿಲ್ಲ. ತಲೆ ಓರೆ ಮಾಡಿಕೊಂಡು ಏನನ್ನೋ ಆಲಿಸುತ್ತಿದ್ದ. ಅಷ್ಟರಲ್ಲಿ ಬೀದಿಯ ಎಲ್ಲ ಮನೆಗಳಿಂದಲೂ ಒಂದೇ ಸಲ ನಗು ಬಂತು. ಎದುರುಮನೆ, ಪಕ್ಕದ ಮನೆ, ಸಾಬರ ಸೈಕಲ್ ಶಾಪಿನ ಹಿಂದಿನ ಮನೆ, ಆಚೆ ಬೀದಿ, ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಹೆಂಗಸರ ನಗು, ಮುದುಕರ ಕೆಮ್ಮು ಬೆರೆತ ನಗು, ಎಲ್ಲ ನನಗೂ ಗುರುತು ಸಿಗುವಂಥವೇ. ಟೆಂಟಿನ ನೆಲದ ಮೇಲೆ ಕುಳಿತು ಅವರು ನಗುತ್ತಿದ್ದದ್ದೂ ಹೀಗೇ.

ಅಪ್ಪನ ಮುಖದಲ್ಲೂ ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ.

"ಬಾವಿ ಸೀನು" ಅಂದ. "ಹೀರೋನ ಮಾವ ಬಾವಿಗ್ ಬೀಳ್ತಾನೆ. ನೆನ್ನೆ ಟೆಂಟಲ್ಲಿ ಈ ಸೀನಿಗೆ ನಾನೊಬ್ನೇ ನಗಾಡ್ದೆ ಕಣವ್ವ."

ನನಗೆ ಗಂಡನ ಮೇಲೆ ಹೇಳಲಾಗದಷ್ಟು ಸಿಟ್ಟು ಬಂತು. ಅವರನ್ನು ಉಳಿಸಲೆಂದೇ ಹುಂಜ ಕೊಯ್ದವಳು, ಈಗ ನಾನೇ ಒಳಗೆ ಹೋಗಿ ಆ ಪ್ರತಿನಿಧಿಯ ಭುಜ ಅಲುಗಾಡಿಸಿ ಎಬ್ಬಿಸಿಬಿಡಬೇಕು ಅನ್ನಿಸಿತು. ತಿರುಗಿ ಎರಡು ಹೆಜ್ಜೆ ಇಟ್ಟೂ ಬಿಟ್ಟೆ. ಅಪ್ಪ ಗೇಟಿನ ಮೇಲಿನಿಂದ ಕೈ ಚಾಚಿ ನನ್ನ ಸೆರಗು ಹಿಡಿದ.

"ಬ್ಯಾಡ ಬುಡು ಮಗಾ. ಜನ ನೋಡ್ತಾವ್ರೆ. ಅರ್ಧಕ್ ನಿಲ್ಲಿಸ್ಬಾರ್ದು."

"ಮತ್ತೆ ನೀನು?"

"ಅವ್ರು ಎದ್ಮೇಲೆ ಒಂದ್ ಲೋಟ ಕಾಪಿ ಕೊಟ್ಟು ರೈಲ್ ಹತ್ಸು. ಏನೂ ಸಿಗ್ನಿಲ್ಲ ಅಂದ್ಬುಡ್ಲಿ" ಅಂದ. ಹೆಗಲ ಮೇಲಿನ ಟವೆಲ್ಲು ಕೊಡವಿ ಮತ್ತೆ ಹಾಕಿಕೊಂಡ. "ನಾನ್ ಬತ್ತೀನಿ. ಫಸ್ಟ್ ಶೋಗೆ ಹೊತ್ತಾಯ್ತು."

ಹೊತ್ತಿನ್ನೂ ಆಗಿರಲಿಲ್ಲ, ಬಿಸಿಲು ನೆತ್ತಿಯಿಂದ ಅಷ್ಟೇನೂ ಇಳಿದಿರಲಿಲ್ಲ. ಖಾಲಿ ಬೀದಿಯಲ್ಲಿ ಅಪ್ಪ ಟೆಂಟಿನ ಕಡೆ ನಡೆದುಕೊಂಡು ಹೋದ. ಒಂದೊಂದು ಮನೆಯಿಂದ ನಗು ಬಂದಾಗಲೂ ಆ ಬಾಗಿಲಿನ ಮುಂದೆ ಸ್ವಲ್ಪ ನಿಧಾನ ಮಾಡುತ್ತಿದ್ದ.